ಎರಡೆಳೆಯ ಸರ

ಆಗಸ್ಟ್ 4, ಸೋಮವಾರ

ಹಾಸ್ಟೆಲ್ಲಿನಲ್ಲಿ ವಾರ್ಡನ್ ಪ್ರತಿ ಶನಿವಾರ ನಮ್ಮ ಡೈರಿಗಳನ್ನು ಓದಿ ಸಹಿ ಹಾಕುತ್ತಿದ್ದರು. ಹಾಗಾಗಿ ಎಲ್ಲರೂ ‘ಇಂದು ಬೇಗ ಎದ್ದೆ, ಸಂತೋಷವಾಯಿತು’ ಎಂದೇ ಬರೆಯುತ್ತಿದ್ದೆವು. ಇದನ್ನು ಯಾರೂ ಓದುವುದಿಲ್ಲ. ಆದರೂ ಕೈ ತಾನಾಗಿಯೇ ‘ಸಂತೋಷವಾಯಿತು’ ಎಂದು ಬರೆಯಲು ಹೋಯಿತು. ಹೊಡೆದು ಹಾಕಿದೆ.

ಸಂತೋಷ ಏನೂ ಆಗಿಲ್ಲ. ಕೆಮಿಸ್ಟ್ರಿ ಟೆಸ್ಟಿನಲ್ಲಿ ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಬರೆದೆ, ಆಮೇಲೆ ಅನುಮಾನ ಬಂದು ಅದನ್ನು ಹೊಡೆದು ತಪ್ಪು ಉತ್ತರ ಬರೆದೆ. ಯಾವಾಗಲೂ ಹೀಗೇ.

ಅಪ್ಪ ಅಮ್ಮ ಇಬ್ಬರೂ ಸೇತುವೆ ಕಟ್ಟುವ ಕಂಪನಿಯಲ್ಲಿದ್ದಾರೆ. ಸೇತುವೆ ಎಲ್ಲಿದೆಯೋ ಅಲ್ಲಿ ಅವರು, ಸ್ಕೂಲು ಎಲ್ಲಿದೆಯೋ ಅಲ್ಲಿ ನಾನು. ಮೂರನೇ ಕ್ಲಾಸಿನಿಂದ ಹಾಸ್ಟೆಲ್. ಈಗ ಕಾಲೇಜು ಹಾಸ್ಟೆಲ್ಲಿನಲ್ಲಿ ಮಾತ್ರ ಸೀಟಿಲ್ಲ, ವೇಟಿಂಗ್ ಲಿಸ್ಟಿನಲ್ಲಿದ್ದೇನೆ. ಸಿಗುವವರೆಗೆ ಸೋದರಮಾವನ ಮನೆ. ಬ್ಯಾಗನ್ನು ಪೂರ್ತಿ ಬಿಚ್ಚಿಲ್ಲ, ಮಂಚದ ಕೆಳಗಿದೆ. ಸೋಪನ್ನು ಡಬ್ಬಿಯಲ್ಲಿಟ್ಟುಕೊಂಡು ಬಚ್ಚಲಿಗೆ ಹೋಗುತ್ತೇನೆ, ಅದನ್ನು ವಾಪಸ್ ರೂಮಿಗೆ ತರುತ್ತೇನೆ. ಅತ್ತೆ ನೋಡಿ, “ಏನೇ, ನಿನ್ನ ಸೋಪನ್ನ ನಾವೇನು ತಿಂದ್ಬಿಡ್ತೀವಾ?” ಎಂದರು. ನಾನು ಸಾರಿ ಎಂದೆ. ಅತ್ತೆ ನಕ್ಕರು. ಯಾಕೆ ನಕ್ಕರು ಎಂದು ಮಧ್ಯಾಹ್ನದವರೆಗೂ ಯೋಚಿಸಿದೆ.

ಮಾವನದು ಗಡಿಯಾರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾತು ಕಡಿಮೆ. ನನ್ನನ್ನು ‘ಹಾಸ್ಟೆಲ್ಲು’ ಎಂದು ಕರೆಯುತ್ತಾರೆ. ನಾನು ಅವರನ್ನು ಏನೂ ಕರೆಯುವುದಿಲ್ಲ, ಹತ್ತಿರ ಹೋಗಿ ನಿಂತು ಕೆಮ್ಮುತ್ತೇನೆ. ಇವತ್ತು ಅವರೇ ಕೇಳಿದರು: “ಹಾಸ್ಟೆಲ್ಲು, ನಿನ್ನ ಫೋನಲ್ಲಿ ಸಣ್ಣ ವಸ್ತು ಫೋಟೋ ಚೆನ್ನಾಗಿ ಬರುತ್ತಾ?”

“ಇರಬಹುದು... ಆಕ್ಚುಯಲಿ ಗೊತ್ತಿಲ್ಲ. ಸಾರಿ.”

“ಯಾರಿಗೆ ಸಾರಿ? ಫೋನಿಗಾ?”

ಇಪ್ಪತ್ನಾಲ್ಕನೇ ತಾರೀಖು ನಾಣ್ಯ ಸಂಗ್ರಹಕಾರರ ಸಂಘದಲ್ಲಿ ಮಾವನ ಭಾಷಣವಂತೆ. ಅದಕ್ಕೆ ಚಿತ್ರ ಬೇಕು. ಒಪ್ಪಿಕೊಂಡೆ. ಬೇಡ ಎನ್ನಲು ನನಗೆ ಬರುವುದಿಲ್ಲ.

ಆಗಸ್ಟ್ 6, ಬುಧವಾರ

ನಾಣ್ಯ ಹೇಗೆ ಹುಟ್ಟುತ್ತದೆ ಎಂದು ಮಾವ ಹೇಳಿಕೊಟ್ಟರು. ಟಂಕಸಾಲೆಯಲ್ಲಿ ಎರಡು ಉಕ್ಕಿನ ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಒಂದೇ ಏಟು ಕೊಡುತ್ತಾರೆ. ಸಾವಿರಗಟ್ಟಲೆ ಏಟು ತಿಂದು ತಿಂದು ಅಚ್ಚು ದಣಿದು ಬಿರುಕು ಬಿಡುತ್ತದೆ. ಬಿರುಕಿನೊಳಗೆ ಬೆಳ್ಳಿ ನುಗ್ಗುತ್ತದೆ. ಆಗ ನಾಣ್ಯದ ಮೇಲೆ ಕೂದಲಿನಂಥ ಗೆರೆಯೊಂದು ಎದ್ದು ನಿಲ್ಲುತ್ತದೆ. ಅಚ್ಚಿನ ಅಂಚು ಮುರಿದುಬಿದ್ದರೆ ನಾಣ್ಯದ ಅಂಚಿನಲ್ಲಿ ಗುಳ್ಳೆಯಂತೆ ಬೆಳ್ಳಿ ಉಬ್ಬಿರುತ್ತದೆ. ಬಿಲ್ಲೆ ಇಡುವುದನ್ನು ಮರೆತು ಏಟು ಕೊಟ್ಟರೆ ಮೇಲಿನ ಅಚ್ಚು ಕೆಳಗಿನದಕ್ಕೇ ಬಡಿಯುತ್ತದೆ. ಆಮೇಲೆ ಹುಟ್ಟುವ ನಾಣ್ಯಗಳಲ್ಲಿ ರಾಣಿಯ ಕೆನ್ನೆ ಮೇಲೆ ಹಿಂಬದಿಯ ಎಲೆಯ ಬಳ್ಳಿ ಮಸುಕಾಗಿ ಕಾಣುತ್ತದೆ. ಅಂಥದೊಂದನ್ನು ತೋರಿಸಿದರು. ರಾಣಿ ನಿದ್ದೆಯಿಂದೆದ್ದಾಗ ದಿಂಬಿನ ಗುರುತು ಕೆನ್ನೆಯಲ್ಲಿ ಉಳಿದಂತಿತ್ತು. ಹಾಗೆಂದೆ. ಮಾವ ನಕ್ಕರು. ಬಂದಾಗಿನಿಂದ ಮೊದಲ ಸಲ.

ಸವೆದ ನಾಣ್ಯವೊಂದನ್ನು ನನ್ನ ಮುಂದಿಟ್ಟು, “ಇದು ಮಾಮೂಲಿ ನಾಣ್ಯ, ಮುಟ್ಟು ಪರವಾಗಿಲ್ಲ. ಉಗುರಲ್ಲಿ ಸವರು. ಈ ಗೆರೆ ಹುಟ್ಟಿನದಾ, ಆಮೇಲಾದದ್ದಾ?” ಎಂದರು.

“ಹುಟ್ಟಿನದು ಇರಬಹುದು. ಅಥವಾ ಆಮೇಲೆ...”

“ಎದ್ದಿದೆಯಾ, ಇಳಿದಿದೆಯಾ?”

“ಎದ್ದಿದೆ.”

“ಎದ್ದಿದ್ರೆ ಅಚ್ಚಿನ ದೋಷ, ಹುಟ್ಟಿನದು. ಇಳಿದಿದ್ರೆ ಸಾಮಾನ್ಯವಾಗಿ ಯಾರೋ ಗೀರಿದ್ದು, ಆಮೇಲಿನದು. ಒಂದು ಅಚ್ಚಿನ ದೋಷ ಅದರಲ್ಲಿ ಹುಟ್ಟಿದ ಎಲ್ಲ ನಾಣ್ಯದಲ್ಲೂ ಬರುತ್ತೆ. ಗೀರು ಹಾಗಲ್ಲ, ಅದು ಒಂದರದ್ದೇ. ಎರಡು ನಾಣ್ಯದಲ್ಲಿ ಒಂದೇ ಗೀರು ಕಂಡ್ರೆ?”

ನಾಣ್ಯವನ್ನು ತಿರುಗಿಸಿ ನೋಡಿದೆ.

“ಯಾರೋ ಆ ನಾಣ್ಯದಿಂದ ಅಚ್ಚು ತೆಗೆದು ನಕಲು ಹೊಡೆದಿದಾರೆ ಅಂತ. ಗೀರು ಸಮೇತ ನಕಲಾಗಿರುತ್ತೆ. ಕಳ್ಳ ಸಿಕ್ಕಿಬೀಳೋದೇ ಅಲ್ಲಿ.”

ಆಮೇಲೆ ಮಖಮಲ್ಲಿನ ಡಬ್ಬಿ ತೆಗೆದರು. ಅದರಲ್ಲಿ ಅವರ ‘ಸರದ ರಾಣಿ’. ಬೆಳ್ಳಿಯ ನಾಣ್ಯ, ಕಿರೀಟದ ರಾಣಿ, ಕತ್ತಿನ ಮೇಲೆ ಓರೆಯಾಗಿ ಒಂದಕ್ಕೊಂದು ಅಂಟಿದಂತೆ ಎರಡು ಎಳೆ. ಎಳೆಗಳು ಇಳಿದಿವೆ. ಆದರೆ ಇದು ಗೀರಲ್ಲ, ಅಚ್ಚಿಗೆ ಉಕ್ಕಿನ ಚೂರು ಅಂಟಿಕೊಂಡು ಆದದ್ದು, ಹುಟ್ಟಿನದೇ ಎಂಬುದು ಮಾವನ ವಾದ. ಇಪ್ಪತ್ತು ವರ್ಷದ ಹಿಂದೆ ಸಂಘದಲ್ಲಿ ಹೀಗೆಂದು ಹೇಳಿದಾಗ ಅಧ್ಯಕ್ಷರು, “ಇದು ಬರೀ ಗೀರು ಕಣ್ರೀ, ಮನೇಲಿಟ್ಕೊಂಡು ನೋಡ್ಕೊಳಿ” ಎಂದರಂತೆ. ಸಭೆಯೆಲ್ಲ ನಕ್ಕಿತಂತೆ. ಅಂದಿನಿಂದ ಮಾವ ಪ್ರತಿ ಸಭೆಗೂ ಹೋಗುತ್ತಾರೆ, ಒಂದೂ ಮಾತಾಡುವುದಿಲ್ಲ.

ಈಗ ಅದೇ ಎರಡೆಳೆಯ ಸರ ಇರುವ ಇನ್ನೂ ಎರಡು ನಾಣ್ಯ ಸಿಕ್ಕಿವೆ. ಮೂರನೆಯದೂ ಬರುವುದಿದೆ. ಅಂದರೆ ಅಚ್ಚಿನ ದೋಷವೇ ಹೌದು, ಮಾವ ಹೇಳಿದ್ದೇ ಸರಿ. ಇದನ್ನು ಹೇಳುವಾಗ ಅವರ ಕಿವಿ ಕೆಂಪಾಗಿತ್ತು.

ಆಗಸ್ಟ್ 9, ಶನಿವಾರ

ಮೂರನೆಯ ನಾಣ್ಯ ತಂದವರು ಕೊಡೆ ಅಂಕಲ್. ಮಾವನ ಹಳೆಯ ಗೆಳೆಯ, ನಾಣ್ಯ ಕೊಟ್ಟು ತರುವ ವ್ಯಾಪಾರ. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲೊಂದು ಕಪ್ಪು ಕೊಡೆ ಇದ್ದೇ ಇರುತ್ತದೆ.

“ಏನಪ್ಪ ಗಡಿಯಾರ, ಇನ್ನೂ ನಿಂತಿಲ್ವಾ?” ಎನ್ನುತ್ತಲೇ ಒಳಗೆ ಬಂದರು.

“ನೀನು ಕೀ ಕೊಡ್ತಾ ಇದ್ರೆ ಹೇಗೆ ನಿಲ್ಲೋದು,” ಎಂದರು ಮಾವ. ಮಾವ ಜೋಕ್ ಮಾಡಿದ್ದು!

ಕೊಡೆ ಅಂಕಲ್ ನನ್ನ ಕಾಲೇಜು, ಟೆಸ್ಟು, ಊಟ ಎಲ್ಲ ವಿಚಾರಿಸಿದರು. ಈ ಮನೆಯಲ್ಲಿ ನನ್ನ ಹತ್ತಿರ ಕೂತು ಇಷ್ಟು ಕೇಳಿದವರು ಅವರೊಬ್ಬರೇ. ಮೊದಲ ಸಲ ಟೆನ್ಷನ್ ಇಲ್ಲದೆ ಮಾತಾಡಿದೆ. ಹಳೆಯ ಮನೆಯೊಂದರ ಗೋಡೆಯೊಳಗೆ ಇಂಥ ನಾಣ್ಯಗಳ ಗಂಟೇ ಸಿಕ್ಕಿದೆಯಂತೆ. ಸಂಘದ ಸದಸ್ಯರು ಈಗಲೇ ತಮಗೊಂದು ಇರಲಿ ಎಂದು ಹೇಳಿಟ್ಟಿದ್ದಾರಂತೆ. “ಭಾಷಣ ಮುಗಿದ ಮೇಲೆ ಪ್ರತಿಯೊಂದಕ್ಕೂ ‘ಇದು ಅಸಲಿ’ ಅಂತ ನಿನ್ನ ಒಂದು ಸಹಿ ಸಾಕು. ನಿನ್ನ ಕಣ್ಣಿಗೆ ಬೆಲೆ ಇದೆ ಮಾರಾಯ.” ಮಾವನ ರಾಣಿಯನ್ನು ಬೆಳಕಿಗೆ ಹಿಡಿದು, “ಹೋದ ವರ್ಷ ಫೋಟೋಗೆ ಅಂತ ಇವಳನ್ನ ತಗೊಂಡು ಹೋಗಿದ್ನಲ್ಲ, ವಾಪಸ್ ಕೊಡೋಕೇ ಮನಸ್ಸಾಗ್ಲಿಲ್ಲ” ಎಂದು ನಕ್ಕರು.

ಅತ್ತೆ ಟೀ ತಂದಿಟ್ಟು ನಿಲ್ಲದೆ ಒಳಗೆ ಹೋದರು. “ನೋಡ್ಬಾರೆ, ಮೂರನೇದು!” ಎಂದು ಮಾವ ಕೂಗಿದರೂ ಬರಲಿಲ್ಲ. ಒಲೆ ಮೇಲೇನೋ ಇದೆ ಎಂದರು. ಒಲೆ ಆರಿತ್ತು, ನಾನು ನೋಡಿದೆ.

ಅತ್ತೆಯ ಬಗ್ಗೆ ಒಂದು ಮಾತು: ಅವರ ಎರಡು ಕಾಲಿನ ಹೇರ್‌ಪಿನ್ನುಗಳು ಈ ಮನೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತವೆ. ಸೋಫಾ ಸಂದಿಯಲ್ಲಿ, ಕಿಟಕಿಯ ಚಿಲಕಕ್ಕೆ ಸಿಕ್ಕಿಸಿದ್ದು, ಒಂದು ಸಲ ಸಕ್ಕರೆ ಡಬ್ಬಿಯಲ್ಲೂ. ಡ್ರಾಯರ್ ಸಿಕ್ಕಿಕೊಂಡರೂ ಪಿನ್ನು, ನಲ್ಲಿಯ ತೂತು ಕಟ್ಟಿಕೊಂಡರೂ ಪಿನ್ನು. ನಾನೂ ಒಂದನ್ನು ಈ ಡೈರಿಗೆ ಗುರುತಾಗಿ ಇಟ್ಟುಕೊಂಡಿದ್ದೇನೆ. ಕೇಳದೇ ತೆಗೆದುಕೊಂಡೆ. ನಾಳೆ ಕೇಳಬೇಕು.

ಆಗಸ್ಟ್ 12, ಮಂಗಳವಾರ

ನಾಲ್ಕೂ ನಾಣ್ಯಗಳ ಫೋಟೋ ತೆಗೆದೆ. ಮೇಲಿನಿಂದ ಬೆಳಕು ಬಿಟ್ಟರೆ ಎಲ್ಲ ಚಪ್ಪಟೆಯಾಗಿ ಬರುತ್ತವೆ. ಟಾರ್ಚನ್ನು ಪಕ್ಕದಲ್ಲಿ ಮಲಗಿಸಿ ನೋಡಿದೆ. ಆಗ ನೆರಳು ಬಿದ್ದು ಪ್ರತಿಯೊಂದು ಏರುತಗ್ಗೂ ಕಂಡಿತು.

ಮಾವನ ರಾಣಿಯ ಕತ್ತಿನಲ್ಲಿ ಎಳೆಗಳ ಎರಡೂ ಬದಿಗೆ ಬೆಳ್ಳಿ ಎದ್ದಿದೆ. ಹಸಿ ಮಣ್ಣಿನಲ್ಲಿ ಕಡ್ಡಿ ಎಳೆದರೆ ಪಕ್ಕಕ್ಕೆ ಮಣ್ಣು ಏಳುತ್ತದಲ್ಲ, ಹಾಗೆ. ಅಚ್ಚಿನ ಚೂರು ಒತ್ತಿದ್ದರೆ ಬರೀ ತಗ್ಗಾಗಬೇಕಿತ್ತು. ಇದು ಯಾರೋ ಎಳೆದದ್ದು. ಅಂದರೆ ಆಮೇಲಾದದ್ದು.

ಹಾಗಿದ್ದರೆ ಉಳಿದ ಮೂರರಲ್ಲಿ? ಅವುಗಳಲ್ಲೂ ಅದೇ ಎರಡೆಳೆ, ಅದೇ ಓರೆ, ಅದೇ ಎದ್ದ ಬದಿ. ಆದರೆ ಮೊಂಡು. ಬಿಸಿಲಿಗಿಟ್ಟ ಸೋಪಿನ ಮೇಲಿನ ಅಕ್ಷರದಂತೆ.

ನಾನು ತಪ್ಪು ತಿಳಿದಿರಬೇಕು. ನಾನು ಬಂದೇ ಇನ್ನೂ ಎಷ್ಟು ದಿನ. ಮಾವನಿಗೆ ಕಾಣದೇ ಇರುತ್ತದೆಯೇ? ಬೇರೆ ಬೆಳಕಿನಲ್ಲಿ ಮತ್ತೆ ತೆಗೆದೆ. ಮತ್ತೂ ತೆಗೆದೆ. ಹಾಗೆಯೇ ಇದೆ.

ನಾಳೆ ಹೇಳಬೇಕು. ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದೇನೆ: ‘ನನಗೆ ಒಂದು ಸಣ್ಣ ಡೌಟ್ ಇದೆ, ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ.’

ಆಗಸ್ಟ್ 13, ಬುಧವಾರ

ಹೇಳಿದೆ. ವಾಕ್ಯ ‘ಡೌಟ್’ವರೆಗೆ ಬಂದು ನಿಂತಿತು. ಫೋಟೋ ತೋರಿಸಿದೆ.

ಮಾವ ಫೋನನ್ನು ಮುಟ್ಟಲೂ ಇಲ್ಲ. “ಚೂರು ಅಲುಗಾಡಿದ್ರೆ ಬದಿ ಏಳುತ್ತೆ. ಗೊತ್ತಾ? ನಾಲ್ಕು ದಿನ ಟಾರ್ಚು ಹಿಡಿದೋಳು ನೀನು. ನಾನು ಅದನ್ನ ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಅಧ್ಯಕ್ಷರು ಕಳಿಸಿದ್ರಾ ನಿನ್ನ?”

“ಇಲ್ಲ. ಸಾರಿ.”

“ಸಾರಿ ಬೇಡ. ಫೋಟೋ ನೆಟ್ಟಗೆ ತೆಗಿ. ಮೇಲಿಂದ ಬೆಳಕು ಬಿಟ್ಟು ತೆಗಿ.”

ಮೇಲಿಂದ ಬೆಳಕು ಬಿಟ್ಟು ತೆಗೆದೆ. ರಾಣಿಯರು ನಾಲ್ವರೂ ಚೆನ್ನಾಗಿ ಬಂದರು.

ಆಗಸ್ಟ್ 14, ಗುರುವಾರ

ಯಾರೂ ಮಾತಾಡಲಿಲ್ಲ. ಅಂಗಡಿಯ ಗಡಿಯಾರಗಳು ಮಾತ್ರ ಮಾತಾಡಿದವು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ.

ಆಗಸ್ಟ್ 17, ಭಾನುವಾರ

ಇದನ್ನು ಹೇಗೆ ಬರೆಯಲಿ.

ಹಿತ್ತಿಲಲ್ಲಿ ಅತ್ತೆ ಬಟ್ಟೆ ಒಣಗಿಸುತ್ತಿದ್ದರು. ನಾನು ಕ್ಲಿಪ್ಪು ಕೊಡುತ್ತಿದ್ದೆ. ಒದ್ದೆ ದುಪಟಿಯ ಆ ಕಡೆಯಿಂದ ಅತ್ತೆಯ ದನಿ ಬಂತು. ಮುಖ ಕಾಣುತ್ತಿರಲಿಲ್ಲ.

“ಪುಟ್ಟಿ, ನೀನು ಅವತ್ತು ನಿಮ್ಮ ಮಾವನ ಹತ್ರ ಹೇಳ್ತಿದ್ಯಲ್ಲ, ಆ ಗೆರೆ ಯಾರೋ ಎಳೆದಿದ್ದು ಅಂತ.”

“ತಪ್ಪಾಗಿ ಹೇಳಿದೆ ಅತ್ತೆ.”

“ತಪ್ಪಲ್ಲ ಕಣೆ. ಎಳೆದೋಳು ನಾನು.”

ಕ್ಲಿಪ್ಪಿನ ಬುಟ್ಟಿ ಕೈಯಿಂದ ಜಾರಿತು.

ಮದುವೆಯಾದ ಹೊಸತು. ಮಾವ ಎಲ್ಲಿಂದಲೋ ಒಂದು ತಗಡಿನ ಡಬ್ಬಿ ತುಂಬ ಹಳೆಯ ನಾಣ್ಯ ತಂದು, ಇನ್ನೂ ನೋಡದೆ, ಬೀರುವಿನ ಡ್ರಾಯರಿನಲ್ಲಿ ಇಟ್ಟಿದ್ದರಂತೆ. ಅತ್ತೆ ಬೀರು ಒರೆಸುವಾಗ ಡಬ್ಬಿ ಮಗುಚಿ ಒಂದು ನಾಣ್ಯ ಡ್ರಾಯರಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ತಲೆಯಿಂದ ಪಿನ್ನು ತೆಗೆದು ಮೀಟಿ ಮೀಟಿ ಎಬ್ಬಿಸಿದರು. ಕತ್ತಿನ ಮೇಲೆ ಗೀರು ಬಿತ್ತು. ಬೈಯುತ್ತಾರೆಂದು ಹೆದರಿ, ಬೇರೆ ನಾಣ್ಯಗಳ ಕೆಳಗೆ ಅದನ್ನು ಸೇರಿಸಿಟ್ಟರು. ಮಾರನೇ ದಿನ ಮಾವ ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡುತ್ತಾ ಕೂತರು. ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದರು.

“ಬೈಗುಳ ಬರುತ್ತೆ ಅಂತ ಕಾಯ್ತಿದೀನಿ. ಇವರು ಕುರ್ಚಿಯಿಂದ ಎಗರಿ ಕುಣಿದ್ಬಿಟ್ರು! ‘ನೋಡೇ, ಅಚ್ಚಿನ ದೋಷ, ರಾಣಿಗೆ ಸರ, ಎರಡೆಳೆ ಸರ!’ ಅಂತ. ನನ್ನ ಕೈ ಹಿಡ್ಕೊಂಡು ತಿರುಗಿಸಿದ್ರು ಕಣೆ. ಮದುವೆ ಆದ್ಮೇಲೆ ಮೊದಲ ಸಲ ಅಷ್ಟು ಹತ್ರ ಬಂದಿದ್ದು. ಆಗ ಹೇಗೆ ಹೇಳಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅನ್ನೋದು ಬರಲೇ ಇಲ್ಲ.”

ದುಪಟಿ ಸರಿಸಿ ಮುಖ ತೋರಿಸಿದರು. ಕಣ್ಣು ಒದ್ದೆ, ಬಾಯಲ್ಲಿ ನಗು.

“ಅವರನ್ನ ನೋಡಿ ಎಲ್ಲರೂ ನಕ್ಕಾಗ ನಾನು ಹೇಳಬೇಕಿತ್ತು. ಹೆದರಿದೆ. ಈಗ ಇನ್ನೊಂದು ಹೆದರಿಕೆ. ಈ ಮೂರು ನಾಣ್ಯ ಗೋಡೆಯೊಳಗೆ ಸಿಕ್ಕಿದ್ದು ಅಂತಾರಲ್ಲ, ಆ ಗೋಡೆಯೊಳಗೆ ನನ್ನ ಹೇರ್‌ಪಿನ್ನು ಹೇಗೆ ಹೋಯ್ತು?”

ಬಿದ್ದ ಕ್ಲಿಪ್ಪುಗಳನ್ನು ಇಬ್ಬರೂ ಹೆಕ್ಕಿದೆವು. ಹೋದ ವರ್ಷ ಆ ನಾಣ್ಯ ಫೋಟೋಗೆಂದು ಯಾರ ಮನೆಯಲ್ಲಿತ್ತು ಎಂದು ಇಬ್ಬರೂ ಹೇಳಲಿಲ್ಲ.

ಆಗಸ್ಟ್ 19, ಮಂಗಳವಾರ

ಮಾವ ಗಡಿಯಾರದ ಬಿಡಿಭಾಗ ತರಲು ಹೋಗಿದ್ದರು, ಅತ್ತೆ ದಿನಸಿ ಅಂಗಡಿಗೆ. ನಾನು ಮುಂದಿನ ಕೋಣೆಯಲ್ಲಿ ಓದುತ್ತಿದ್ದೆ. ಕೊಡೆ ಅಂಕಲ್ ಬಂದರು.

“ಫೋಟೋ ಆಯ್ತಾ ಮಗಳೇ? ತೋರ್ಸು.”

ತೋರಿಸಿದೆ. ಒಂದೊಂದಾಗಿ ಸರಿಸುತ್ತಾ ಹೋದವರು ಟಾರ್ಚಿನ ಫೋಟೋ ಬಂದಾಗ ನಿಂತರು. ಅದನ್ನು ಅಳಿಸಿರಲಿಲ್ಲ ನಾನು. ದೊಡ್ಡದು ಮಾಡಿ ನೋಡಿದರು. ಚಿಕ್ಕದು ಮಾಡಿದರು. ಫೋನು ವಾಪಸ್ ಕೊಡುವಾಗ ಮುಖದಲ್ಲಿ ಅದೇ ನಗುವಿತ್ತು.

“ಇದೆಲ್ಲ ಬೇಡ. ಜನಕ್ಕೆ ಗೊಂದಲ ಆಗುತ್ತೆ. ಅಳಿಸ್ಬಿಡು. ಅಂದಹಾಗೆ ನಿಮ್ಮ ಮಾವನ ರಾಣೀನ ಕೊಡು, ಸಭೆಗೆ ಒಳ್ಳೇ ಗಾಜಿನ ಡಬ್ಬಿ ಮಾಡಿಸ್ತೀನಿ. ಭಾನುವಾರ ಅಲ್ಲಿಗೇ ತರ್ತೀನಿ.”

ಮಖಮಲ್ಲಿನ ಡಬ್ಬಿ ಮೇಜಿನ ಮೇಲೇ ಇತ್ತು. ಅವರು ಕೈ ಚಾಚಿದರು. ನಾನು ಮೊದಲೇ ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆನೋ.

“ಮಾವ ಬರಲಿ ಅಂಕಲ್.”

“ಅವನಿಗೆ ನಾನು ಹೇಳ್ತೀನಿ. ನಮ್ಮಿಬ್ಬರ ಮಧ್ಯೆ ಏನು.”

“ಮಾವ ಬರಲಿ.”

ಅವರು ಎದುರಿನ ಸ್ಟೂಲಿನಲ್ಲಿ ಕೂತರು. ಕೊಡೆಯ ತುದಿಯಿಂದ ನೆಲ ಕುಟ್ಟುತ್ತಾ, ಮೆಲ್ಲಗೆ: “ಹಾಸ್ಟೆಲ್ ಸೀಟು ಇನ್ನೇನು ಬರುತ್ತಂತಲ್ಲ. ಅಲ್ಲಿ ನಿನ್ನ ವಯಸ್ಸಿನವರು ಇರ್ತಾರೆ, ಆರಾಮ. ಇಲ್ಲಿ ಇನ್ನೊಬ್ಬರ ಮನೆ. ಇನ್ನೊಬ್ಬರ ಮನೇಲಿ ಇದ್ದಾಗ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಬಾಯಿಗೆ ತರಬಾರದು. ನಿಮ್ಮ ಮಾವ ಇಪ್ಪತ್ತು ವರ್ಷದ ಮೇಲೆ ನಗ್ತಿದಾನೆ. ಆ ನಗು ಕಿತ್ಕೊಂಡೋರನ್ನ ಅವನು ಮನೇಲಿ ಇಟ್ಕೊಳಲ್ಲ.”

ಕೊಡೆ ಕುಟ್ಟುವುದೂ ಗಡಿಯಾರಗಳೂ ಸೇರಿ ತಲೆಯೊಳಗೆ ಒಂದೇ ಸದ್ದು. ಡಬ್ಬಿಯನ್ನು ತೊಡೆಯ ಮೇಲಿಟ್ಟು, ಮೇಲೆ ಕೆಮಿಸ್ಟ್ರಿ ಪುಸ್ತಕ ಇಟ್ಟು ಕೂತೆ. ಓದಿದ ಸಾಲನ್ನೇ ಓದುತ್ತಿದ್ದೆ. ಕೊನೆಗೆ ಅವರು ಎದ್ದು, “ಚೆನ್ನಾಗಿ ಓದ್ಕೊ” ಎಂದು ಹೋದರು.

ಎಷ್ಟು ಹೆದರುಪುಕ್ಕಲಿ ನಾನು. ಸರಿಯಾಗಿ ಒಂದು ಉತ್ತರವನ್ನೂ ಕೊಡಲಿಲ್ಲ.

ಆಗಸ್ಟ್ 21, ಗುರುವಾರ

ಕಾಲೇಜಿನಿಂದ ಮೆಸೇಜು: ಹಾಸ್ಟೆಲ್ ಸೀಟು ಖಾಲಿಯಾಗಿದೆ, ಶನಿವಾರ ಸಂಜೆಯೊಳಗೆ ಬಂದು ಸೇರಬೇಕು, ತಪ್ಪಿದರೆ ಮುಂದಿನವರಿಗೆ.

ಅತ್ತೆ ಪಾತ್ರೆ ಉಜ್ಜುತ್ತಾ ನಿಂತರು. ಉಜ್ಜಿದ್ದನ್ನೇ ಉಜ್ಜಿದರು. ಮಾವ, “ಒಳ್ಳೇದಾಯ್ತು. ಹೋಗಿ ಓದ್ಕೊ” ಎಂದರು, ಭಾಷಣದ ಹಾಳೆಯಿಂದ ಕಣ್ಣೆತ್ತದೆ.

ಶನಿವಾರ ಹೋದರೆ ಭಾನುವಾರ ನಾನಿರುವುದಿಲ್ಲ. ಸಭೆ ಆಗುತ್ತದೆ, ಸಹಿ ಬೀಳುತ್ತದೆ. ಎಂದೋ ಒಂದು ದಿನ ಯಾರೋ ಟಾರ್ಚು ಹಿಡಿದು ನೋಡುತ್ತಾರೆ. ನಕಲಿಗೆ ಅಸಲಿ ಎಂದು ಸಹಿ ಹಾಕಿದವರು ಎಂದು ಮಾವನ ಹೆಸರು ಬರುತ್ತದೆ. ಆಗ ನಗುವುದಿಲ್ಲ, ಉಗಿಯುತ್ತಾರೆ. ನಾನು ಮಾತ್ರ ಹಾಸ್ಟೆಲ್ಲಿನಲ್ಲಿ ಬೆಲ್ಲು ಹೊಡೆದಾಗ ಊಟ, ಬೆಲ್ಲು ಹೊಡೆದಾಗ ನಿದ್ದೆ ಎಂದು ಇದ್ದುಬಿಡಬಹುದು.

ಹೇಳಿದರೆ ಈ ಮನೆ ಹೋಗುತ್ತದೆ. ಅವರು ಕಳಿಸದಿದ್ದರೂ ನನ್ನ ಮುಖ ನೋಡಿದಾಗಲೆಲ್ಲ ಅವರಿಗೆ ಅದೇ ನೆನಪಾಗುತ್ತದೆ.

ಬ್ಯಾಗು ರೆಡಿ ಇದೆ. ಯಾವತ್ತೂ ರೆಡಿಯೇ ಇತ್ತಲ್ಲ.

ಆಗಸ್ಟ್ 23, ಶನಿವಾರ

ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಅಂಗಡಿ ಕೋಣೆಗೆ ಬಂದೆ. ಹೋಗಿಬರುತ್ತೇನೆ ಎನ್ನಲು. ಮಾವ ನಾಲ್ಕು ನಾಣ್ಯಗಳನ್ನೂ ಸಾಲಾಗಿಟ್ಟುಕೊಂಡು, ಭಾಷಣವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದರು. “ಮಾನ್ಯ ಅಧ್ಯಕ್ಷರೇ, ಇಪ್ಪತ್ತು ವರ್ಷಗಳ ಹಿಂದೆ...” ಅಲ್ಲಿಗೆ ಬಂದಾಗಲೆಲ್ಲ ದನಿ ಒಡೆಯುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

“ಮಾವ, ಅವು ನಕಲಿ,” ಎಂದೆ.

ವಾಕ್ಯ ತಯಾರು ಮಾಡಿರಲಿಲ್ಲ. ಅದಕ್ಕೇ ಹಾಗೆ ಒರಟಾಗಿ ಬಂತು.

“ಮತ್ತೆ ಶುರು ಮಾಡಿದ್ಯಾ?”

“ನಿಮ್ಮದು ಅಸಲಿ. ಆದ್ರೆ ಸರ ಹುಟ್ಟಿನದಲ್ಲ. ಉಳಿದ ಮೂರು ನಿಮ್ಮದರಿಂದ ಅಚ್ಚು ತೆಗೆದು ಹೊಡೆದಿದ್ದು. ಎರಡು ನಾಣ್ಯದಲ್ಲಿ ಒಂದೇ ಗೀರು ಕಂಡ್ರೆ ಏನರ್ಥ ಅಂತ ನೀವೇ ಹೇಳ್ಕೊಟ್ಟಿದ್ದು.”

ಮಾವ ಎದ್ದುನಿಂತರು. ಸ್ಟೂಲು ಬಿತ್ತು. “ಗೀರು ಅಂತ ಯಾರು ಹೇಳಿದ್ದು? ಯಾರು ನೋಡಿದ್ದು?”

“ನಾನು,” ಎಂದರು ಅತ್ತೆ, ಬಾಗಿಲಲ್ಲಿ ನಿಂತು. ತುರುಬಿನಿಂದ ಒಂದು ಪಿನ್ನು ತೆಗೆದು ತಂದು ಮೇಜಿನ ಮೇಲಿಟ್ಟರು. “ಡ್ರಾಯರ್ ಸಂದೀಲಿ ಸಿಕ್ಕೊಂಡಿತ್ತು ರೀ. ಇದರಲ್ಲಿ ಮೀಟಿದೆ. ನೀವು ಡಬ್ಬಿ ನೋಡೋಕೆ ಮುಂಚೆ.”

ಮಾವ ಪಿನ್ನನ್ನು ನೋಡಿದರು, ಅತ್ತೆಯನ್ನಲ್ಲ. ಸ್ಟೂಲನ್ನು ತಾವೇ ಎತ್ತಿಟ್ಟು ಕೂತರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಹಾಳಾದ ಬೆಳ್ಳಿ ನಾಣ್ಯವೊಂದನ್ನು ಡಬ್ಬಿಯಿಂದ ತೆಗೆದು, ಪಿನ್ನಿನ ಎರಡು ಕಾಲನ್ನು ಒಟ್ಟಿಗೆ ಹಿಚುಕಿ, ಮೀಟುವಂತೆ ಒತ್ತಿ ಎಳೆದರು. ರಾಣಿಯ ಪಕ್ಕದಲ್ಲಿಟ್ಟರು. ಟಾರ್ಚಿಗಾಗಿ ಕೈ ಚಾಚಿದರು. ನಾನು ಟಾರ್ಚನ್ನು ಪಕ್ಕಕ್ಕೆ ಮಲಗಿಸಿ ಹಿಡಿದೆ.

ಎರಡೆಳೆ. ಎರಡು ಬದಿಗೂ ಎದ್ದ ಬೆಳ್ಳಿ. ಎಳೆಗಳ ನಡುವಿನ ಸಂದಿಯೂ ಅಷ್ಟೇ. ಬರಿಗಣ್ಣಿಗೇ ಕಾಣುತ್ತಿತ್ತು.

ಭೂತಗನ್ನಡಿ ತೆಗೆದಿಟ್ಟು, “ಇಷ್ಟು ವರ್ಷ?” ಎಂದರು ಅತ್ತೆಗೆ.

“ನೀವು ಕುಣಿದ್ರಲ್ಲ,” ಎಂದರು ಅತ್ತೆ.

ಮಾವ ಅಂಗಡಿಯ ಬಾಗಿಲು ಹಾಕಿದರು. ನನ್ನ ಬ್ಯಾಗು ನೋಡಿ, “ಹೊರಡು. ಟೈಮಾಗುತ್ತೆ” ಎಂದರು.

ಹೊರಡಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಅಳುತ್ತಿದ್ದರು, ಅವರನ್ನು ಬಿಟ್ಟು ಹೇಗೆ ಹೋಗುವುದು. ತರಕಾರಿ ಹೆಚ್ಚಿಕೊಟ್ಟೆ. ಬಟ್ಟೆ ಮಡಿಸಿದೆ. ಮಾವ ಊಟಕ್ಕೆ ಬರಲಿಲ್ಲ, ತಟ್ಟೆ ಒಳಗಿಟ್ಟು ಬಂದೆ. ಕಾಲೇಜಿನ ಮೆಸೇಜನ್ನು ಮತ್ತೆ ನೋಡಿದಾಗ ಸಂಜೆ ಕಳೆದಿತ್ತು. ಸೀಟು ಹೋಯಿತು.

ನಾಳೆ ಮಾವ ಏನು ಮಾಡುತ್ತಾರೋ ಗೊತ್ತಿಲ್ಲ. ಭಾಷಣದ ಹಾಳೆ ಮೇಜಿನ ಮೇಲೆ ಹಾಗೇ ಇದೆ.

ಆಗಸ್ಟ್ 24, ಭಾನುವಾರ

ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಭಾಷಣದ ಹಾಳೆ ಜೇಬಿಗಿಟ್ಟುಕೊಂಡು, “ನಡೀರಿ” ಎಂದರು. ಅತ್ತೆಯೂ ಬಂದರು, ಸಂಘದ ಸಭೆಗೆ ಮೊದಲ ಸಲ. ಜಡೆ ಹಾಕಿಕೊಂಡಿದ್ದರು. “ಇವತ್ತು ಒಂದು ಪಿನ್ನೂ ಬೇಡಪ್ಪ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಲೈಬ್ರರಿಯ ಮಹಡಿ, ಮಡಚುವ ಕುರ್ಚಿಗಳು. ಮೊದಲ ಸಾಲಿನಲ್ಲಿ ಕೊಡೆ ಅಂಕಲ್, ತೊಡೆ ಮೇಲೆ ಪೆಟ್ಟಿಗೆ. ಮಾವ ಒಂದೊಂದಾಗಿ ಸಹಿ ಹಾಕಬೇಕಾದ ನಾಣ್ಯಗಳು ಅದರಲ್ಲಿ. ಅಧ್ಯಕ್ಷರು ಈಗ ಮುದುಕರು, ಕೋಲು ಹಿಡಿದು ಕೂತಿದ್ದರು. ನಾನು ಲ್ಯಾಪ್‌ಟಾಪಿನ ಹತ್ತಿರ. ಮೇಲಿನ ಬೆಳಕಿನ ಫೋಟೋಗಳೂ ಅದರಲ್ಲಿದ್ದವು, ಟಾರ್ಚಿನವೂ ಇದ್ದವು. ಯಾವುದು ಎಂದು ಮಾವ ಹೇಳಿರಲಿಲ್ಲ.

“ಮಾನ್ಯ ಅಧ್ಯಕ್ಷರೇ, ಇಪ್ಪತ್ತು ವರ್ಷಗಳ ಹಿಂದೆ ಇದೇ ಸಂಘದಲ್ಲಿ ನಾನು ಒಂದು ನಾಣ್ಯ ತೋರಿಸಿದ್ದೆ.” ಹಾಳೆಯಲ್ಲಿದ್ದದ್ದೇ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. “ಕತ್ತಿನ ಗೆರೆ ಅಚ್ಚಿನ ದೋಷ ಅಂದಿದ್ದೆ. ನೀವು ಗೀರು ಅಂದ್ರಿ.” ಅದೂ ಹಾಳೆಯಲ್ಲಿದ್ದದ್ದೇ. ಕೊಡೆ ಅಂಕಲ್ ತಲೆಯಾಡಿಸುತ್ತಿದ್ದರು.

ಮಾವ ಹಾಳೆಯನ್ನು ಮಡಚಿ ಜೇಬಿಗಿಟ್ಟರು.

“ಅದು ಗೀರೇ. ನೀವು ಹೇಳಿದ್ದು ಸರಿ.”

ಹಿಂದೆ ಯಾರೋ ನಕ್ಕರು. ಮಾವ ಅದು ನಿಲ್ಲುವವರೆಗೆ ಕಾದರು. “ನನ್ನ ಹೆಂಡತಿ ಹೇರ್‌ಪಿನ್ನಲ್ಲಿ ಮೀಟಿದ ಗೀರು. ತೋರಿಸ್ತೀನಿ. ಒಂದು ಪಿನ್ನು ಕೊಡು.”

ಅತ್ತೆ ತಲೆ ಮುಟ್ಟಿಕೊಂಡರು. ಬರೀ ಜಡೆ. ನಾನು ಬ್ಯಾಗಿನಿಂದ ಈ ಡೈರಿ ತೆಗೆದು ಗುರುತಿನ ಪಿನ್ನನ್ನು ಎಳೆದು ಕೊಟ್ಟೆ. ಮಾವ ಅದನ್ನು ಎತ್ತಿ ಹಿಡಿದರು. “ಟಾರ್ಚಿನ ಫೋಟೋ ಹಾಕು,” ಎಂದರು. ಹಾಕಿದೆ.

“ಎಡಗಡೇದು ನನ್ನದು. ಉಳಿದವು ಇತ್ತೀಚೆಗೆ ಸಿಕ್ಕಿದ್ದು. ನಾಲ್ಕರಲ್ಲೂ ನನ್ನ ಹೆಂಡತಿ ಪಿನ್ನಿನ ಗುರುತಿದೆ. ನನ್ನ ನಾಣ್ಯ ಒಂದೇ ಒಂದು ಸಲ ನನ್ನ ಮನೆ ಬಿಟ್ಟು ಹೋಗಿತ್ತು.” ಮೊದಲ ಸಾಲನ್ನು ನೋಡಿದರು. ಹೆಸರು ಹೇಳಲಿಲ್ಲ.

ಕೊಡೆ ಅಂಕಲ್ ನಗುತ್ತಲೇ ಎದ್ದರು. “ಗಡಿಯಾರ, ಈ ಹುಡುಗಿ ಫೋಟೋದಲ್ಲಿ ಏನೋ ಎಡವಟ್ಟು ಮಾಡಿದಾಳೆ. ಮಕ್ಕಳ ಕೈಗೆ ಕೊಟ್ರೆ ಹೀಗೇ.”

“ಫೋಟೋ ಸರಿಯಾಗಿದೆ,” ಎಂದೆ. “ಬೇಕಾದ್ರೆ ನಿಮ್ಮ ಪೆಟ್ಟಿಗೇಲಿರೋದನ್ನ ಇಲ್ಲೇ ತೆಗೀರಿ, ಟಾರ್ಚಿದೆ.”

ಎದ್ದು ನಿಂತಿದ್ದೆನೋ ಏನೋ, ಕುರ್ಚಿ ಕಿರುಗುಟ್ಟಿದ್ದು ನೆನಪಿದೆ. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತಿದ್ದರು. ಅಧ್ಯಕ್ಷರು ಕೋಲೂರಿ ಎದ್ದು, “ತೆಗೀರಿ, ನೋಡೋಣ” ಎಂದರು. ಕೊಡೆ ಅಂಕಲ್ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಮೆಟ್ಟಿಲಿಳಿದು ಹೋದರು. ಕೊಡೆ ಕುರ್ಚಿಗೆ ಒರಗಿಕೊಂಡು ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಒಂದೇ ಮಾತು: “ಆ ಸ್ಟೂಲಲ್ಲಿ ಕೂತು ಎಷ್ಟು ಟೀ ಕುಡಿದಿದಾನೆ ಅವನು.” ಅತ್ತೆ ಅವರ ತೋಳಿನ ಮೇಲೆ ಕೈ ಇಟ್ಟರು. ಮಾವ ತೋಳು ಸರಿಸಿಕೊಳ್ಳಲಿಲ್ಲ.

ಮನೆಗೆ ಬಂದು ಮಲಗಿಬಿಟ್ಟೆ.

ಆಗಸ್ಟ್ 27, ಬುಧವಾರ

ಎರಡು ದಿನ ಬರೆಯಲಿಲ್ಲ, ಕೆಮಿಸ್ಟ್ರಿ ಟೆಸ್ಟಿತ್ತು. ಬರೆದ ಉತ್ತರ ಯಾವುದನ್ನೂ ಹೊಡೆಯಲಿಲ್ಲ, ಟೈಮಿರಲಿಲ್ಲ.

ಮಾವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಇವತ್ತು ಸರದ ರಾಣಿಯನ್ನು ಮಖಮಲ್ಲಿನ ಡಬ್ಬಿಯಿಂದ ತೆಗೆದರು. ಪೆಟ್ಟು ತಿಂದ ನಾಣ್ಯಗಳ ತಟ್ಟೆಗೆ ಹಾಕುತ್ತಾರೆ ಎಂದುಕೊಂಡೆ. ಒಂದು ಕೊಂಡಿ ಸಿಕ್ಕಿಸಿ ಅತ್ತೆಗೆ ಕೊಟ್ಟರು. “ನಿಂದೇ ಕೆಲಸ. ನೀನೇ ಇಟ್ಕೊ.” ಅತ್ತೆ ಅದನ್ನು ಬೀರುವಿನ ಕೀಲಿಗೊಂಚಲಿಗೆ ಹಾಕಿಕೊಂಡಿದ್ದಾರೆ. ನಡೆದಾಡುವಾಗ ಸದ್ದಾಗುತ್ತದೆ, ಮಾವ ತಲೆಯೆತ್ತಿ ನೋಡುತ್ತಾರೆ.

ಸಂಜೆ ಕರೆದರು. “ಹಾಸ್ಟೆಲ್ಲು, ಬಾ ಇಲ್ಲಿ.”

“ಹಾಸ್ಟೆಲ್ ಸೀಟು ಹೋಯ್ತು ಮಾವ. ಬೇರೆ ಹೆಸರಿಡಿ.”

“ಅದನ್ನ ಆಮೇಲೆ ನೋಡೋಣ. ಇದು ನೋಡು.” ಬಟ್ಟೆಯ ಮೇಲೆ ತಾಮ್ರದ ನಾಣ್ಯ, ಅಂಚಿನಿಂದ ಅಂಚಿಗೆ ಒಂದು ಗೆರೆ. “ಹುಟ್ಟಿನದಾ, ಆಮೇಲಾದದ್ದಾ?”

ಟಾರ್ಚು ಮಲಗಿಸಿದೆ. “ಹುಟ್ಟಿನದು.”

“ಗ್ಯಾರಂಟಿನಾ?”

“ಎದ್ದಿದೆ, ನೋಡಿ ನೀವೇ.”

ನೋಡಿದರು. ಇನ್ನೊಂದನ್ನು ಮುಂದಿಟ್ಟರು. ಹೀಗೇ ಕೂತಿದ್ದೆವು.

ಇನ್ನೂ ಬರೆಯಬೇಕಿತ್ತು. ಆದರೆ ಬಚ್ಚಲಿನಿಂದ ಅತ್ತೆ ಕೂಗುತ್ತಿದ್ದಾರೆ. ಯಾರೋ ಸೋಪನ್ನು ನೀರಿನಲ್ಲೇ ಬಿಟ್ಟು ಬಂದಿದ್ದಾರಂತೆ, ಅರ್ಧ ಕರಗಿದೆಯಂತೆ. ನನ್ನದೇ ಇರಬೇಕು.